ವಾರ್ಮ್‌ವೆಲ್‌ನ ಹುಲ್ಲು ವಿಮಾನನೆಲೆ: ಉಳಿದ ನೆಲವನ್ನು ಕಾಯ್ದಿಡಬೇಕೇ?

ಪರ

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ವಾರ್ಮ್‌ವೆಲ್‌ನಲ್ಲಿ 1937ರಲ್ಲಿ ಆರಂಭವಾದ ವಾಯುಪಡೆಯ ನೆಲೆಗೆ ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಕಾಂಕ್ರೀಟಿನ ರನ್‌ವೇ ಬರಲಿಲ್ಲ. ಬೀಸುವ ಗಾಳಿಗೆ ಎದುರಾಗಿ ಮೇಲೇರುವ ಹಗುರ ಫೈಟರ್ ವಿಮಾನಗಳಿಗೆ ಹುಲ್ಲುಬಯಲೇ ಸಾಕಾಗಿತ್ತು. 1940ರ ಜುಲೈಯಲ್ಲಿ ಬಂದ 152ನೆಯ ಸ್ಕ್ವಾಡ್ರನ್ನಿನ (ವಿಮಾನದಳದ) ಸ್ಪಿಟ್‌ಫೈರ್ ಫೈಟರ್‌ಗಳು ಪೋರ್ಟ್‌ಲ್ಯಾಂಡ್ ನೌಕಾನೆಲೆಯನ್ನು ಕಾದದ್ದು ಇಲ್ಲಿಂದಲೇ. ಅದೇ ವರ್ಷದ ಆಗಸ್ಟ್ 25ರಂದು ಜರ್ಮನ್ ಬಾಂಬರ್‌ಗಳು ಈ ನೆಲೆಯ ಮೇಲೆಯೇ ಎರಗಿದವು. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಸೈನ್ಯ ಇಳಿಸಲು ಹೊರಟ ಹಡಗುಗಳಿಗೆ ಮೇಲಿನಿಂದ ಕಾವಲಿದ್ದ ಅಮೆರಿಕದ 474ನೆಯ ಫೈಟರ್ ಗ್ರೂಪಿನ ಲೈಟ್ನಿಂಗ್ ವಿಮಾನಗಳೂ ಈ ಹುಲ್ಲಿನಿಂದಲೇ ಏರಿದ್ದವು.

ಕಾಂಕ್ರೀಟಿನ ನೆಲೆಗಳು ಹಾಳುಬಿದ್ದರೂ ಗೆರೆಗಳಾಗಿ ಉಳಿಯುತ್ತವೆ, ಆದರೆ ಹುಲ್ಲಿನ ನೆಲೆ ಒಮ್ಮೆ ಅಗೆದರೆ ಮುಗಿಯಿತು. ನೀರನ್ನು ಬೇಗ ಇಂಗಿಸಿಕೊಳ್ಳುವ ಯಾವ ಜಲ್ಲಿಮಣ್ಣು ಆ ಬಯಲನ್ನು ಗಟ್ಟಿಯಾಗಿಟ್ಟಿತ್ತೋ, ಅದೇ ಜಲ್ಲಿಗಾಗಿ ಯುದ್ಧಾನಂತರ ಅದನ್ನು ತೋಡಿದರು. ಸೌತಾಂಪ್ಟನ್‌ನಲ್ಲಿ ಕೆಲಸಕ್ಕಿದ್ದಾಗ ನಾನು ವಾರ್ಮ್‌ವೆಲ್ ಚರ್ಚಿನ ಅಂಗಳಕ್ಕೆ ಹೋಗಿದ್ದೆ. ಸಾಲಾಗಿ ನಿಂತ ಬಿಳಿ ಸಮಾಧಿಕಲ್ಲುಗಳ ಮೇಲೆ ಕೆತ್ತಿದ್ದ ವಯಸ್ಸುಗಳಲ್ಲಿ ಹಲವು ಆಗ ಕಾಲೇಜಿನಲ್ಲಿದ್ದ ನನ್ನ ಮಗನ ವಯಸ್ಸಿಗಿಂತ ಹೆಚ್ಚಿರಲಿಲ್ಲ. ಅವನು ಒಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತು, ‘ಇವರು ಹಾರಿದ ಜಾಗ ಎಲ್ಲಿ?’ ಎಂದು ಕೇಳಿದ. ತೋರಿಸಲು ಹೊರಟರೆ ಎದುರಾದದ್ದು ಮನೆಗಳ ಸಾಲು, ಬೇಲಿ, ಅಗೆದ ನೆಲ. ಅಂದು ನನಗಾದ ಸಂಕಟವೇ ಈ ಬರಹಕ್ಕೆ ಕಾರಣ. ಉಳಿದಿರುವ ಬಯಲಿನ ತುಣುಕನ್ನಾದರೂ ಕಾನೂನು ಕಾಯಬೇಕು.

ವಿರೋಧ

ವಿರೋಧದ ಪಕ್ಷವನ್ನು ವಹಿಸಲು ನನ್ನನ್ನು ಕೇಳಿದ್ದಾರೆ. ಸಮಾಧಿಗಳ ಬಗ್ಗೆ ನನಗೂ ಗೌರವವಿದೆ, ಅವುಗಳನ್ನು ಯಾರೂ ಮುಟ್ಟುತ್ತಿಲ್ಲ. ಆದರೆ ಸೈನಿಕನೊಬ್ಬ ಕಾಲಿಟ್ಟ ಹುಲ್ಲಿಗೆಲ್ಲ ಬೇಲಿ ಹಾಕುತ್ತ ಹೋದರೆ ದಕ್ಷಿಣ ಇಂಗ್ಲೆಂಡಿನಲ್ಲಿ ಮನೆ ಕಟ್ಟಲು ಜಾಗವೇ ಉಳಿಯದು. ಯುದ್ಧ ಮುಗಿದೊಡನೆ ನೆಲೆಯ ಕೆಲಸವೂ ಮುಗಿಯಿತು. ಆ ಭೂಮಿಯ ಮೇಲೆ ಕ್ರಾಸ್‌ವೇಸ್ ಎಂಬ ಊರು ಬೆಳೆದು ನಿಂತಿದೆ, ಅಲ್ಲಿ ಕುಟುಂಬಗಳು ಬಾಳುತ್ತಿವೆ, ವಾಯುಪಡೆಯವರ ನೆನಪಿನ ಕಲ್ಲೂ ಅಲ್ಲೇ ಇದೆ. ನೆಲೆಯ ನಿಯಂತ್ರಣ ಕಟ್ಟಡ ಇಂದಿಗೂ ಉಳಿದಿರುವುದು ಅದನ್ನು ಯಾರೋ ಮನೆಯಾಗಿ ಮಾಡಿಕೊಂಡು ವಾಸಿಸಿದ್ದರಿಂದ. ಬಳಕೆಯಲ್ಲಿದ್ದದ್ದು ಉಳಿಯಿತು ಎಂಬುದನ್ನು ಪರವಾದಿಗಳು ಗಮನಿಸಬೇಕು. ಊರಿನ ಮಕ್ಕಳಿಗೆ ಈ ಇತಿಹಾಸವನ್ನು ಶಾಲೆಯಲ್ಲಿ ಕಲಿಸಲಿ, ಉಳಿದ ನೆಲವನ್ನು ಏನು ಮಾಡಬೇಕೆಂಬುದನ್ನು ಅಲ್ಲಿ ವಾಸಿಸುವವರು ತೀರ್ಮಾನಿಸಲಿ.