ತಲೆಯ ಮೇಲೆ ಸುರುಳಿ, ಕೈಯಲ್ಲಿ ದರಪಟ್ಟಿ

ಆಟಿಸಂ ಇರುವ ಮಕ್ಕಳ ಮಿದುಳನ್ನು ಅಯಸ್ಕಾಂತದ ಮಿಡಿತಗಳಿಂದ ಹದಕ್ಕೆ ತರುತ್ತೇವೆಂದು ಸಾರುವ ಜಾಹೀರಾತುಗಳು ಅಮೆರಿಕದಲ್ಲಿ ಚೆನ್ನಾಗಿ ಬೇರೂರಿ, ಈಗ ನಮ್ಮ ಮೊಬೈಲುಗಳ ಪರದೆಗೂ ಬಂದು ಕುಳಿತಿವೆ. ಕುತೂಹಲಕ್ಕೆಂದು ಒಮ್ಮೆ ಒತ್ತಿದವರನ್ನು ಅವು ವಾರಗಟ್ಟಲೆ ಬಿಡುವುದಿಲ್ಲ. ನೋವಿಲ್ಲ, ಮಾತ್ರೆಯಿಲ್ಲ, ಕೆಲವೇ ವಾರಗಳ ಚಿಕಿತ್ಸೆ, ಎಲ್ಲಕ್ಕಿಂತ ಮಿಗಿಲಾಗಿ 'ಎಫ್‌ಡಿಎ ಅನುಮತಿ ಪಡೆದ ಯಂತ್ರ'. ಎಫ್‌ಡಿಎ ಎಂದರೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ. ಈ ಕೊನೆಯ ಮಾತನ್ನು ಬರೆದ ಮಹಾನುಭಾವರಿಗೆ ನಾನು ತಲೆಬಾಗುತ್ತೇನೆ, ಏಕೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಟಿಎಂಎಸ್ ಎಂದು ಕರೆಯುವ ಈ ಯಂತ್ರಕ್ಕೆ ಅನುಮತಿ ಇದೆ. 2008ರಲ್ಲಿ ಖಿನ್ನತೆಗೆ ಸಿಕ್ಕಿತು, 2018ರಲ್ಲಿ ಗೀಳು ಕಾಯಿಲೆಗೆ ಸಿಕ್ಕಿತು, 2020ರಲ್ಲಿ ಸಿಗರೇಟು ಬಿಡಲು ಹೆಣಗುವವರಿಗೂ ಸಿಕ್ಕಿತು. ಆಟಿಸಂಗೆ ಮಾತ್ರ ಸಿಕ್ಕಿಲ್ಲ. ಸಿಗರೇಟು ಬಿಡಬೇಕೆಂದಿರುವ ದೊಡ್ಡವರಿಗಾಗಿ ಕೊಟ್ಟ ಪರವಾನಗಿಯನ್ನು ತೋರಿಸಿ ಇನ್ನೂ ಮಾತೇ ಆರಂಭಿಸದ ಮಗುವನ್ನು ಅದೇ ಕುರ್ಚಿಯಲ್ಲಿ ಕೂರಿಸುವುದಕ್ಕೆ ಸಾಮಾನ್ಯ ಧೈರ್ಯ ಸಾಲದು.

ಯಂತ್ರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಅದರೊಳಗೆ ವಿದ್ಯುತ್ತನ್ನು ಕ್ಷಣಮಾತ್ರ ಹರಿಸಿ, ಬುರುಡೆಯನ್ನು ಮುಟ್ಟದೆಯೇ ಮಿದುಳಿನ ಹೊರಪದರವನ್ನು ಎಚ್ಚರಿಸಿ, ಆ ವ್ಯಕ್ತಿಯ ಕೈ ತಾನಾಗಿ ಅಲುಗುವಂತೆ ಮಾಡಿದ್ದು ನಿಜಕ್ಕೂ ಸುಂದರವಾದ ಕೆಲಸ. ಇದರ ಬಡ ತಮ್ಮನೂ ಒಬ್ಬನಿದ್ದಾನೆ: ಒದ್ದೆ ಸ್ಪಂಜುಗಳ ಮೂಲಕ ಒಂದೆರಡು ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ನೆತ್ತಿಗೆ ಹರಿಸುವ ವಿಧಾನ. ಆ ಮಟ್ಟಿಗೆ ಇವೆಲ್ಲ ಹೊಸತೂ ಅಲ್ಲ. ರೋಮಿನಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಕಾಲದ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿನಿಂದ ನರಳುವವರ ನೋವಿನ ಜಾಗದ ಮೇಲೆ ಜೀವಂತ ವಿದ್ಯುತ್ ಮೀನನ್ನಿಟ್ಟು, ಆ ಭಾಗ ಜೋಮು ಹಿಡಿಯುವವರೆಗೂ ಕಾಯಬೇಕೆಂದು ಬರೆದಿಟ್ಟಿದ್ದಾನೆ. ಆ ಮೀನಿಗೆ ಯಾವ ಇಲಾಖೆಯ ಅನುಮತಿಯೂ ಇರಲಿಲ್ಲ, ನಿಜ. ಆದರೆ ಅದು ಮುಂಗಡ ಕೇಳುತ್ತಿರಲಿಲ್ಲ, ಕಂತಿನ ಸೌಲಭ್ಯವಿದೆಯೆಂದು ಫೋನು ಮಾಡುತ್ತಿರಲಿಲ್ಲ, ಗುಣಮುಖರಾದವರ ವೀಡಿಯೊ ಕಳುಹಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಸಾರಿಗೂ ಒದಗುತ್ತಿತ್ತೇನೋ.

ಸಂಶೋಧನೆ ಮಾಡುವವರು ಏನು ಮಾಡುತ್ತಿದ್ದಾರೆಂದು ನೋಡಿದರೆ ಅವರ ವ್ಯಾಪಾರಬುದ್ಧಿಯ ಬಗ್ಗೆ ಕನಿಕರವೇ ಉಂಟಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಪೀಟರ್ ಎಂಟಿಕಾಟ್ ಅವರ ತಂಡ ಆಟಿಸಂ ಇರುವ 28 ವಯಸ್ಕರ ಮೇಲೆ ಎರಡು ವಾರ ಪ್ರಯೋಗ ನಡೆಸಿ, ಜನರೊಡನೆ ಬೆರೆಯುವ ವಿಷಯದಲ್ಲಿ ತಕ್ಕಮಟ್ಟಿನ ಸುಧಾರಣೆ ಕಂಡಿತೆಂದು 2014ರಲ್ಲಿ ಪ್ರಕಟಿಸಿತು. ಲೋಕಜ್ಞಾನವಿರುವ ಯಾರಾದರೂ ಮರುದಿನವೇ ಮಳಿಗೆ ತೆರೆಯುತ್ತಿದ್ದರು. ಇವರೋ, 28 ಜನರು ಸಾಲದು, ಇನ್ನೂ ದೊಡ್ಡ ಪರೀಕ್ಷೆ ಆಗಬೇಕೆಂದು 150 ಜನರನ್ನು ಸೇರಿಸಿಕೊಳ್ಳುವ, ಹಲವು ಕೇಂದ್ರಗಳಲ್ಲಿ ನಡೆಯುವ ಅಧ್ಯಯನಕ್ಕೆ ಇಳಿದರು. ಅದರಲ್ಲೂ ಅರ್ಧ ಜನರಿಗೆ ಹುಸಿ ಸುರುಳಿ! ನಿಜವಾದದ್ದರ ಹಾಗೆಯೇ ಟಕಟಕ ಸದ್ದು ಮಾಡುವ, ಆದರೆ ಮಿದುಳಿಗೆ ಏನನ್ನೂ ತಲುಪಿಸದ ಸುರುಳಿ. ಯಾರಿಗೆ ಯಾವುದು ಸಿಕ್ಕಿತೆಂಬುದು ಕುರ್ಚಿಯಲ್ಲಿ ಕುಳಿತವರಿಗೂ ಗೊತ್ತಾಗಬಾರದು, ಫಲಿತಾಂಶವನ್ನು ಅಳೆಯುವವರಿಗೂ ಗೊತ್ತಾಗಬಾರದು. ಉಪಯೋಗವಿದೆಯೋ ಇಲ್ಲವೋ ತಿಳಿಯದೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಕಡೆ ಕುರ್ಚಿಗೆ ಶುಲ್ಕವಿಲ್ಲ; ಎಲ್ಲವೂ ತಿಳಿದಿದೆಯೆಂದು ಹೇಳುವ ಕಡೆ ಮಾತ್ರ ದರಪಟ್ಟಿ ಇರುತ್ತದೆ.

ಆ ದರಪಟ್ಟಿಗೆ ಮುನ್ನ ಮಿದುಳಿನ ನಕ್ಷೆ ಬರುತ್ತದೆ. ಮಗುವಿನ ತಲೆಗೆ ವಿದ್ಯುದಗ್ರಗಳಿರುವ ಟೊಪ್ಪಿ ತೊಡಿಸಿ, ಹತ್ತಾರು ನಿಮಿಷ ತರಂಗಗಳನ್ನು ದಾಖಲಿಸಿ, ದುಂಡನೆಯ ತಲೆಗಳ ಸಾಲೊಂದನ್ನು ಬಣ್ಣಬಣ್ಣದಲ್ಲಿ ಮುದ್ರಿಸಿ ಕೊಡುತ್ತಾರೆ. ಹಸಿರಿದ್ದರೆ ಕ್ಷೇಮ, ಕೆಂಪಿದ್ದರೆ ಆತಂಕ, ಮತ್ತು ಕೆಂಪಿಲ್ಲದ ಹಾಳೆಯನ್ನು ನಾನಂತೂ ಕಂಡಿಲ್ಲ. ಇದು ಥೇಟ್ ಜಾತಕ. ಇಲ್ಲಿಯೂ ಮನೆಗಳಿವೆ, ದೋಷಗಳಿವೆ, ಬೆರಳಿಟ್ಟು ತೋರಿಸುವ ಪಂಡಿತರಿದ್ದಾರೆ. ಶಾಂತಿಗೆ ಎಷ್ಟು ಖರ್ಚಾಗುತ್ತದೆಂಬ ಲೆಕ್ಕವೂ ಕೊನೆಯ ಪುಟದಲ್ಲಿದೆ. ಆರು ವಾರಗಳ ನಂತರ ಇನ್ನೊಂದು ನಕ್ಷೆ ತೆಗೆದಾಗ ಕೆಂಪು ಕಡಿಮೆಯಾಗಿದ್ದರೆ ಚಿಕಿತ್ಸೆ ಫಲಿಸಿತು, ಆಗಿಲ್ಲದಿದ್ದರೆ ಇನ್ನಷ್ಟು ಸರದಿಗಳು ಬೇಕು. ಮಗು ಅಮ್ಮನನ್ನು ಕರೆಯಿತೇ ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಜಾಗವಿರುವುದಿಲ್ಲ.

ಗುಣವಾಯಿತೆಂದು ಹೇಳುವ ಪೋಷಕರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ಮಕ್ಕಳು ಬೆಳೆಯುತ್ತಾರೆ, ಬೆಳೆಯುತ್ತಾ ಬದಲಾಗುತ್ತಾರೆ. ಸಾಲ ಮಾಡಿ ಹಣ ಕಟ್ಟಿದವರ ಕಣ್ಣು ಸಣ್ಣ ಬದಲಾವಣೆಯನ್ನೂ ಬಿಡುವುದಿಲ್ಲ. ಸೆಕ್ರೆಟಿನ್ ಎಂಬ ಹಾರ್ಮೋನಿನ ಕಥೆ ಈ ಕ್ಷೇತ್ರದಲ್ಲಿರುವವರಿಗೆಲ್ಲ ಗೊತ್ತು. ಮೂವರು ಮಕ್ಕಳಿಗೆ ಅದು ಅದ್ಭುತ ಮಾಡಿತೆಂದು 1998ರಲ್ಲಿ ವರದಿಯಾದೊಡನೆ ಅಮೆರಿಕದ ಪೋಷಕರು ಅದಕ್ಕಾಗಿ ಮುಗಿಬಿದ್ದರು. 1999ರಲ್ಲಿ 56 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆದಾಗ, ಹಾರ್ಮೋನು ಪಡೆದವರಿಗೂ ಬರಿಯ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ; ಎರಡೂ ಗುಂಪಿನ ಮಕ್ಕಳು ಸ್ವಲ್ಪ ಸುಧಾರಿಸಿದಂತೆ ಕಂಡರು. ಫಲಿತಾಂಶ ತಿಳಿಸಿದ ಮೇಲೆಯೂ 69 ಪ್ರತಿಶತ ಪೋಷಕರು ತಮಗೆ ಆ ಚಿಕಿತ್ಸೆಯಲ್ಲಿ ಆಸಕ್ತಿಯಿದೆ ಎಂದರು. ಈ ಅಂಕಿಯನ್ನು ಓದಿ ಪೋಷಕರನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಇಷ್ಟು ದೊಡ್ಡ ಆಸೆ ಇಷ್ಟು ಸುಲಭವಾಗಿ ಸಿಗುವುದನ್ನು ಕಂಡು ಅಂಗಡಿ ಇಟ್ಟವರನ್ನು ನೆನೆದು ಸಿಟ್ಟು ಬರುತ್ತದೆ.

ಮಿಕ್ಸಿ ತಿರುಗಿದರೆ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಮಗುವನ್ನು, ಕಿವಿಗೆ ರಕ್ಷಣೆ ಹಾಕಲೇಬೇಕಾದಷ್ಟು ಗಟ್ಟಿಯಾಗಿ ತಲೆಯ ಪಕ್ಕದಲ್ಲೇ ಕುಟ್ಟುವ ಯಂತ್ರದ ಕೆಳಗೆ ವಾರಗಟ್ಟಲೆ ಕೂರಿಸುತ್ತಾರೆ. ಅಪರೂಪವಾದರೂ ಈ ಚಿಕಿತ್ಸೆಯಿಂದ ಅಪಸ್ಮಾರದಂಥ ಸೆಳೆತ ಬರುವ ಸಾಧ್ಯತೆಯಿದೆ. ಆಟಿಸಂ ಇರುವವರಲ್ಲಿ ಅಪಸ್ಮಾರ ಇತರರಿಗಿಂತ ಹೆಚ್ಚು. ಇದನ್ನು ಜಾಹೀರಾತಿನಲ್ಲಿ ಹಾಕಲು ಜಾಗ ಸಾಲಲಿಲ್ಲವೇ? ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಹೆಸರಿನಲ್ಲಿ ಇದೇ ಮಕ್ಕಳ ಮನೆಗಳನ್ನು ಬರಿದು ಮಾಡಿದ ಮೇಲೆ, ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು, ಪ್ರಚಾರ ಮಾಡಿದರೆ ವೃತ್ತಿ ದುರ್ನಡತೆಯಾಗುತ್ತದೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಲು 2022ರ ಡಿಸೆಂಬರ್ ಬರಬೇಕಾಯಿತು. ಸುರುಳಿಯ ಸರದಿ ಯಾವ ಡಿಸೆಂಬರಿಗೋ.

ಅಲ್ಲಿಯವರೆಗೆ ಪೋಷಕರು ಏನು ಮಾಡಬೇಕು? ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಿಂಗಳುಗಟ್ಟಲೆ ಕುಳಿತು ಕಲಿಸುವ ನಿಧಾನದ ಕೆಲಸಕ್ಕೆ ವೀಡಿಯೊ ಜಾಹೀರಾತು ಇಲ್ಲ. ಜಿಲ್ಲಾ ಕೇಂದ್ರದಿಂದ ಆಚೆ ಹೋದರೆ ವಾಕ್ ಚಿಕಿತ್ಸಕರನ್ನು ಹುಡುಕುವುದೇ ಒಂದು ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಮಗುವಿನ ಕೈ ಹಿಡಿದು ದಾಖಲಾತಿಗೆ ಹೋದರೆ ಪಕ್ಕದ ಬೀದಿಯ ಶಾಲೆಯವರು 'ನಮ್ಮಲ್ಲಿ ಸೌಲಭ್ಯವಿಲ್ಲ, ನೀವು ಬೇರೆ ಕಡೆ ನೋಡಿ' ಎನ್ನುತ್ತಾರೆ. ಆ ಬೇರೆ ಕಡೆ ಯಾವುದೆಂದು ಶಾಲೆಯವರು ಹೇಳುವುದಿಲ್ಲ. ಸುರುಳಿಯ ಕೇಂದ್ರದವರು ಮಾತ್ರ ವಿಳಾಸ, ನಕ್ಷೆ, ವಾಹನ ನಿಲುಗಡೆಯ ವಿವರ ಎಲ್ಲವನ್ನೂ ಕಳುಹಿಸುತ್ತಾರೆ.