ಕುರಿಗೆ ಹೆಸರಿಟ್ಟ ಮೇಲೆ

ಸಕಲೇಶಪುರದಿಂದ ಒಳಗೆ ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಯಾರೂ ಕೇಳಲ್ಲ, ಮಳೆ ನಿಂತ ಮೇಲೆ ಬರುತ್ತೆ, ಮಳೆ ಯಾವಾಗ ನಿಲ್ಲುತ್ತೆ ಅಂತಾನೂ ಯಾರೂ ಕೇಳಲ್ಲ. ಅಂಥ ಒಂದು ಶನಿವಾರ ಹಾಸನದಿಂದ ಮನೆಗೆ ಬಂದೋನು ಪವರ್ ಬ್ಯಾಂಕ್ ಸಿಗಿಸ್ಕೊಂಡು ಜಗಲಿ ಮೂಲೇಲಿ ಫೋನ್ ಹಿಡ್ಕೊಂಡು ಕೂತಿದ್ದೆ, ಪಕ್ಕದಲ್ಲಿ ತಾತ ಇದ್ದಿಲಲ್ಲಿ ಹುಲಿ-ಕುರಿ ಮನೆ ಬರ್ಕೊಂಡು, ಜೊತೆಗಾರ ಯಾರೂ ಬರಲಿಲ್ಲ ಅಂತ ಎರಡೂ ಕಡೆ ತಾನೇ ಆಡ್ಕೊಂಡು ಕೂತಿತ್ತು. 3 ಹುಣಸೆ ಬೀಜ ಹುಲಿ, 15 ಕಾಫಿ ಬೀಜ ಕುರಿ. ಒಂದು ಕುರಿ ಹೋದಾಗ ತಾತ ಅದನ್ನ ಎತ್ತಿ ಆಚೆ ಎಸೆಯೋದು, ಮುಖದಲ್ಲಿ ಏನೂ ಇಲ್ಲ. ನಾನು ಮಾತ್ರ ಅದೇ ಹೊತ್ತಿಗೆ "ಅಯ್ಯೋ ಕೆಂಪೀ" ಅಂತ ಕೂಗಿದೆ.

ತಾತ ತಲೆ ಎತ್ತಿ ಕೊಟ್ಟಿಗೆ ಕಡೆ ನೋಡ್ತು. ಯಾಕಂದ್ರೆ ಕೆಂಪಿ ನಮ್ಮನೆ ಹಸು.

ವಿಷಯ ಏನಂದ್ರೆ, ನಾನು ಆಡ್ತಾ ಇದ್ದಿದ್ದು ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅನ್ನೋ ವಿಡಿಯೋ ಗೇಮ್, 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದಿದ್ದು, 2007ರಲ್ಲಿ ಕೈಲಿ ಹಿಡ್ಕೊಂಡು ಆಡೋ ಪಿಎಸ್‌ಪಿಗೆ ಸ್ವಲ್ಪ ಪಾಲಿಶ್ ಮಾಡಿ 'ವಾರ್ ಆಫ್ ದಿ ಲಯನ್ಸ್' ಅಂತ ಮತ್ತೆ ಬಿಟ್ರು, ಆಮೇಲೆ ಅದೇ ಫೋನಿಗೂ ಬಂತು. 2025ರಲ್ಲಿ ಪಾತ್ರಗಳಿಗೆ ದನಿ ಎಲ್ಲಾ ಹಾಕಿ ಹೊಸದು ಮಾಡಿದಾರೆ, ಅದು ಫೋನಿಗಿಲ್ಲ, ಹಾಗಾಗಿ ನನಗೂ ಇಲ್ಲ. ಚೌಕ ಚೌಕವಾಗಿರೋ ಒಂದು ಗುಡ್ಡವೋ ಕೋಟೆಯೋ ಇರುತ್ತೆ, ನಿಮ್ಮ ಕಡೆ ನಾಲ್ಕೋ ಐದೋ ಜನ, ಆ ಕಡೆ ಒಂದಷ್ಟು ಜನ, ಸರದಿ ಪ್ರಕಾರ ನಡೆಸಬೇಕು. ಅಲ್ಲೀತನಕ ಚದುರಂಗನೇ. ಆದ್ರೆ ಇದರಲ್ಲಿ ಸೈನಿಕರನ್ನ ಸಂಬಳಕ್ಕೆ ಸೇರಿಸ್ಕೊಳ್ಳೋವಾಗ ಹೆಸರು ನೀವೇ ಇಡಬಹುದು, ಕನ್ನಡ ಅಕ್ಷರ ತಗೊಳ್ಳಲ್ಲ, ಇಂಗ್ಲಿಷಲ್ಲೇ ಹೊಡೀಬೇಕು. ನನಗೆ ಆ ಹೊತ್ತಿಗೆ ತೋಚಿದ್ದು ಕೊಟ್ಟಿಗೆ ಹೆಸರುಗಳು. ಕೆಂಪಿ ಮದ್ದು ಕೊಡೋಳು, ಕೌಲಿ ಮಂತ್ರ ಹಾಕೋಳು, ಬೋರ ಕತ್ತಿ, ಕರಿಯ ಬಿಲ್ಲು. ಯಾರಿಗೂ ಮೂಗಿಲ್ಲ, ಈ ಆಟದಲ್ಲಿ ಚಿತ್ರ ಬರೆದೋರು ಒಬ್ಬರಿಗೂ ಮೂಗು ಇಟ್ಟಿಲ್ಲ, ಮೊದಲ ದಿನ ವಿಚಿತ್ರ ಅನ್ಸುತ್ತೆ, ಮೂರನೇ ದಿನ ಕನ್ನಡೀಲಿ ನಮ್ಮ ಮೂಗೇ ಜಾಸ್ತಿ ಆಯ್ತೇನೋ ಅನ್ಸುತ್ತೆ.

ಇದನ್ನೆಲ್ಲಾ ತಾತಂಗೆ ಹೇಳಿದ್ರೆ ಅದು ಒಂದೇ ಮಾತು ಅಂತು, "ಕುರಿಗೆ ಹೆಸರಿಟ್ಟ ಮೇಲೆ ಕುಯ್ಯೋಕಾಯ್ತದೇನ್ಲಾ?"

ಆಗಲ್ಲ. ನೋಡಿ, ಈ ಆಟದ ತಾಕತ್ತೂ ಇದೇ, ರೋಗಾನೂ ಇದೇ, ನಾನು ಎಷ್ಟು ರಿವ್ಯೂ ಓದಿದ್ರೂ ನನಗೆ ಮುಟ್ಟಿದ್ದು ತಾತನ ರಿವ್ಯೂನೇ. ಒಬ್ಬ ಬಿದ್ದ ಅಂದ್ರೆ ತಲೆ ಮೇಲೆ 3 ಅಂತ ಬರುತ್ತೆ, ಅವನ ಸರದಿ ಬಂದಂಗೆಲ್ಲಾ 2, 1 ಅಂತ ಇಳಿಯುತ್ತೆ, ಅಷ್ಟರೊಳಗೆ ಎಬ್ಬಿಸ್ಲಿಲ್ಲಾ ಅಂದ್ರೆ ಹರಳಾಗಿಬಿಡ್ತಾನೆ, ಇಲ್ಲಾ ಒಂದು ಪೆಟ್ಟಿಗೆ ಆಗ್ತಾನೆ, ಮತ್ತೆ ಬರಲ್ಲ. ಆ ಹರಳನ್ನ ಮುಟ್ಟಿದ್ರೆ ಸತ್ತೋನ ವಿದ್ಯೆ ಮುಟ್ಟಿದೋನಿಗೆ ಬರುತ್ತೆ. ಎಂಥಾ ಯೋಚನೆ ಅಲ್ವಾ! ಆದ್ರೆ ಯಾರಿಗೆ ಬೇಕು ಬೋರನ ವಿದ್ಯೆ, ಬೋರ ಬೇಕು. ನಾನು ಸುಮ್ನೆ ಆಟ ಆಫ್ ಮಾಡಿ ಹಿಂದಿನ ಸೇವ್‌ಗೆ ಓಡ್ತೀನಿ. ಹತ್ತು ನಿಮಿಷದ ಯುದ್ಧಕ್ಕೆ ನನಗೆ ಒಂದೂವರೆ ಗಂಟೆ.

ಯುದ್ಧ ಹೂಡಿರೋ ರೀತಿ ಮಾತ್ರ ಸೊಗಸು, ಅದನ್ನ ಒಪ್ಕೋಬೇಕು. ಎತ್ತರಕ್ಕೆ ಬೆಲೆ ಇದೆ, ಮೇಲೆ ನಿಂತ ಬಿಲ್ಲುಗಾರನ ಬಾಣ ದೂರ ಹೋಗುತ್ತೆ, ಕೆಳಗಿಂದ ಹತ್ತೋನು ಏದುಸಿರು ಬಿಡ್ತಾ ಬರಬೇಕು. ಇದು ಅರ್ಥ ಆಗೋಕೆ ನಮಗೇನು ಪುಸ್ತಕ ಬೇಕಾಗಿಲ್ಲ, ಸ್ಕೂಲ್ ಟ್ರಿಪ್ಪಲ್ಲಿ ಮಂಜರಾಬಾದ್ ಕೋಟೆ ಮೆಟ್ಟಿಲು ಹತ್ತಿದೋರಿಗೆಲ್ಲಾ ಗೊತ್ತು, 1792ರಲ್ಲಿ ಟಿಪ್ಪು ಆ ನಕ್ಷತ್ರದ ಕೋಟೇನ ಆ ಗುಡ್ಡದ ಮೇಲೇ ಯಾಕೆ ಕಟ್ಟಿಸಿದ ಅಂತ. ಇನ್ನೊಂದು, ಸರದಿ ಮುಗಿದ ಮೇಲೆ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅಂತಾನೂ ನೀವೇ ಹೇಳಬೇಕು, ಶತ್ರುಗೆ ಬೆನ್ನು ಕೊಟ್ಟು ನಿಂತ್ರೆ ಹಿಂದಿಂದ ಬಂದು ಬಾರಿಸಿದ್ದು ತಪ್ಪೋದು ಕಮ್ಮಿ. ನಮ್ಮ ಕಡೆ ಆನೆ ಬಂದಿದೆ ಅಂತ ಫಾರೆಸ್ಟ್‌ನೋರ ಮೆಸೇಜ್ ಬಂದ ದಿನ ತೋಟದಲ್ಲಿ ಎಲ್ಲರೂ ಹಂಗೇ ನಿಲ್ಲೋದು, ಮೆಣಸಿನ ಬಳ್ಳಿಗೆ ಬೆನ್ನು ಕೊಟ್ಟು, ಕಿವಿ ನಾಲ್ಕೂ ಕಡೆ.

ಆಮೇಲೆ ಜಾತಕ. ತಮಾಷೆ ಅಲ್ಲ, ಪ್ರತಿಯೊಬ್ಬನಿಗೂ ರಾಶಿ ಇದೆ ಇದರಲ್ಲಿ, ಮೇಷ ವೃಷಭದಿಂದ ಹಿಡಿದು ಹನ್ನೆರಡೂ, ಇಬ್ಬರ ರಾಶಿ ಕೂಡಿಬಂದ್ರೆ ಏಟೂ ಜೋರು, ಮದ್ದೂ ಜೋರು, ಕೂಡಲಿಲ್ಲಾ ಅಂದ್ರೆ ಕೌಲಿ ಎಷ್ಟು ಮಂತ್ರ ಹಾಕಿದ್ರೂ ಬೋರಂಗೆ ಅರ್ಧಂಬರ್ಧ ಹತ್ತೋದು. ಎದುರು ರಾಶಿಯೋರು ಗಂಡು-ಹೆಣ್ಣು ಆಗಿದ್ರೆ ಎಲ್ಲಕ್ಕಿಂತ ಒಳ್ಳೇ ಜೋಡಿ, ಇಬ್ಬರೂ ಗಂಡಾದ್ರೆ ಇಲ್ಲಾ ಇಬ್ಬರೂ ಹೆಣ್ಣಾದ್ರೆ ಎಲ್ಲಕ್ಕಿಂತ ಕೆಟ್ಟ ಜೋಡಿ. ಅಮ್ಮ ಎರಡು ವರ್ಷದಿಂದ ನನ್ನ ಜಾತಕ ಹಿಡ್ಕೊಂಡು ಊರೂರು ಅಲೀತಾ ಇದಾರೆ, ಅವ್ರಿಗೆ ಈ ಆಟ ಕೊಟ್ರೆ ಒಂದೂ ಯುದ್ಧ ಸೋಲಲ್ಲ ಅನ್ಸುತ್ತೆ. ಭಕ್ತಿಗೂ ಒಂದು ಅಂಕಿ ಇದೆ. ಜಾಸ್ತಿ ಇದ್ದೋನ ಮಂತ್ರ ಜೋರು, ಅವನ ಮೇಲೆ ಬೀಳೋ ಮಂತ್ರಾನೂ ಅಷ್ಟೇ ಜೋರು, ತೀರಾ ಜಾಸ್ತಿ ಆಯ್ತು ಅಂದ್ರೆ ದೇವರನ್ನ ಹುಡುಕ್ಕೊಂಡು ಸೈನ್ಯ ಬಿಟ್ಟೇ ಹೋಗ್ತಾನೆ. ಧೈರ್ಯ ತೀರಾ ಇಳಿದೋನು ಯುದ್ಧದ ಮಧ್ಯೆನೇ ಕೋಳಿ ಆಗ್ತಾನೆ, ನಿಜವಾಗ್ಲೂ ಕೋಳಿ, ರೆಕ್ಕೆ ಪುಕ್ಕ ಎಲ್ಲಾ ಬಂದು ಓಡೋಕೆ ಶುರು.

ಕತೆ ಬಗ್ಗೆ ಜನ ಬಹಳ ಹೊಗಳ್ತಾರೆ. ನನಗೆ ಅದರಲ್ಲಿ ಅರ್ಧ ಅರ್ಥ ಆಗಲ್ಲ, ಡ್ಯೂಕ್‌ಗಳು ಜಾಸ್ತಿ, ಫೋನ್ ವರ್ಷನ್‌ನ ಇಂಗ್ಲಿಷು ಬೇರೆ ಹಳೇ ನಾಟಕದ ಥರ, ಒಬ್ಬ "ಬಾ" ಅನ್ನೋಕೆ ಎರಡು ಸಾಲು ತಗೊಳ್ತಾನೆ. ಆದ್ರೆ ನಡುವೆ ಒಂದು ಎಳೆ ಇದೆ, ಅದು ಮಾತ್ರ ನಮ್ಮ ತೋಟಗಳ ಕಡೆಯೋರಿಗೆ ಬೇಗ ತಾಗುತ್ತೆ. ರಾಮ್ಜಾ ದೊಡ್ಡ ಮನೆ ಕಿರಿಮಗ, ಡೆಲಿಟಾ ಅದೇ ಮನೇಲಿ ಬೆಳೆದ ಬಡವರ ಮನೆ ಅನಾಥ ಹುಡುಗ, ಜೀವದ ಗೆಳೆಯರು. ಡೆಲಿಟಾನ ತಂಗೀನ ದೊಡ್ಡ ಮನೆ ಹುಡುಗಿ ಅನ್ಕೊಂಡು ಬಂಡಾಯದೋರು ಹೊತ್ಕೊಂಡು ಹೋಗ್ತಾರೆ, ಆಕೆ ಆ ಮನೆಯೋಳಲ್ಲ ಅಂತ ಗೊತ್ತಿದ್ದ ಈ ಕಡೆಯೋರೇ, ಇವಳೊಬ್ಬಳಿಗಾಗಿ ಯಾಕೆ ತಡೆಯೋದು ಅಂತ ಬಾಣ ಬಿಡ್ತಾರೆ. ಇಷ್ಟು ಹೇಳಿದ್ದಕ್ಕೆ ಸ್ಪಾಯ್ಲರ್ ಅಂತ ಬಯ್ಯಬೇಡಿ, 1997ರ ಆಟ ಸ್ವಾಮಿ. ಸಾಹುಕಾರ್ರ ಮಗನೂ ಕೂಲಿಯೋರ ಲೈನ್ ಮನೆ ಹುಡುಗನೂ ಒಂದೇ ಕಣದಲ್ಲಿ ಆಡ್ಕೊಂಡು ಬೆಳೆದು, ಒಬ್ಬ ಕಾನ್ವೆಂಟಿಗೆ ಹೋಗೋ ದಿನ ಇನ್ನೊಬ್ಬ ಗೇಟ್ ಹತ್ರ ನಿಂತಿರೋದನ್ನ ನೋಡಿರೋನು ನಾನು, ಆ ಬಾಣ ಬಿಟ್ಟಾಗ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಮಳೆ ನೋಡ್ದೆ. ಮನುಷ್ಯರನ್ನ ಕಾಯಿ ಥರ ನಡೆಸೋರ ಬಗ್ಗೆ ಕತೆ ಹೇಳ್ತಾ, ನನ್ನ ಕೈಲೇ ಕಾಯಿ ನಡೆಸೋ ಕೆಲಸ ಕೊಟ್ಟಿದಾರೆ, ಕಿಲಾಡಿಗಳು.

ಈಗ ದೂರು. ವಿದ್ಯೆ ಕಲಿಯೋಕೆ ಪಾಯಿಂಟ್ ಬೇಕು, ಪಾಯಿಂಟು ಏನೇ ಕೆಲಸ ಮಾಡಿದ್ರೂ ಬರುತ್ತೆ, ಶತ್ರುಗೇ ಹೊಡೀಬೇಕು ಅಂತಿಲ್ಲ. ಹಾಗಾಗಿ ಏನ್ಮಾಡ್ತಾರೆ ಅಂದ್ರೆ ಕಡೇಲಿ ಗಾಬ್ಲಿನ್ ಅನ್ನೋ ಒಂದು ಪುಟ್ಟ ರಾಕ್ಷಸನ್ನ ಉಳಿಸ್ಕೊಂಡು, ಅದನ್ನ ಮೂಲೇಲಿ ಸುತ್ಕೊಂಡು, ನಮ್ಮೋರು ನಮ್ಮೋರಿಗೇ ಕಲ್ಲು ಹೊಡೀತಾ ಕೂರೋದು. ಕೆಂಪಿ ಬೋರಂಗೆ, ಬೋರ ಕರಿಯಂಗೆ. ಯುದ್ಧಶಾಸ್ತ್ರ ಅಂತೆ ಶಾಸ್ತ್ರ! ನಾನೂ ಹಾಸನದ ರೂಮಲ್ಲಿ ಒಂದಿಡೀ ಭಾನುವಾರ ಇದನ್ನೇ ಮಾಡಿದೀನಿ, ಬಟ್ಟೆ ಒಗೀಲಿಲ್ಲ. ನನ್ನ ಫ್ರೆಂಡ್ ಒಬ್ಬ ಆಟ ಮುಗಿಸಿದಾನೆ, ಅವನು ಹೇಳೋ ಪ್ರಕಾರ ನಾಲ್ಕನೇ ಅಧ್ಯಾಯದಲ್ಲಿ ಸಿಡ್ ಅಂತ ಒಬ್ಬ ಮುದುಕ ಸೇರ್ತಾನೆ, ಅವನೊಬ್ಬನೇ ಎಲ್ಲಾ ಮುಗಿಸ್ತಾನೆ, ಅಲ್ಲಿಂದ ನಮ್ಮೋರು ಬರೀ ತೇರು ನೋಡೋಕೆ ಬಂದೋರು. ಕಲ್ಲು ಹೊಡೆದು ಹೊಡೆದು ಸಾಕಿದ್ದು ಇದಕ್ಕಾ?

ಇದಕ್ಕಿಂತ ದೊಡ್ಡ ಪೆಟ್ಟು ನನಗೆ ಬಿದ್ದಿದ್ದು ಆಟದೊಳಗಿನ ರಿಯೋವೇನ್ಸ್ ಕೋಟೇಲಿ. ನಮ್ಮ ಶ್ರವಣಬೆಳಗೊಳದ ಕತೆ ಎಲ್ಲರಿಗೂ ಗೊತ್ತಲ್ಲ, ಭರತ-ಬಾಹುಬಲಿ ಜಗಳಕ್ಕೆ ಸೈನ್ಯ ಯಾಕೆ ಸಾಯ್ಬೇಕು, ನೀವಿಬ್ಬರೇ ಆಡ್ಕೊಳ್ಳಿ ಅಂತ ಮಂತ್ರಿಗಳು ಹೇಳಿದ್ದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಆಟಾನೂ ಇಲ್ಲಿ ಹಂಗೇ ಮಾಡುತ್ತೆ, ಕೆಂಪಿ ಬೋರ ಎಲ್ಲಾ ಆಚೆ, ಒಳಗೆ ನಾಯಕ ರಾಮ್ಜಾ ಒಬ್ಬನೇ, ಎದುರಿಗೆ ಆ ಬಂಡಾಯದೋರ ಮುಂದಾಳಾಗಿದ್ದ ವೀಗ್ರಾಫ್ ಒಬ್ಬನೇ. ಯಾವ ಮಂತ್ರಿ ಹೇಳಿದ್ನೋ ಗೊತ್ತಿಲ್ಲ, ನಾನಂತೂ ಕೇಳಿರಲಿಲ್ಲ. ಸೈನ್ಯನೆಲ್ಲಾ ಸಾಕಿ ಸಲಹಿದೋನು ನಾಯಕನನ್ನೇ ಹಿಂದೆ ನಿಲ್ಲಿಸಿ ಮದ್ದಿನ ಶೀಶೆ ಎಸೆಯೋಕೆ ಇಟ್ಕೊಂಡಿದ್ದೆ. ಎರಡು ಏಟು. ಆಟ ಮುಗೀತು. ಸರಿ, ಆಚೆ ಹೋಗಿ ತಯಾರಾಗಿ ಬರೋಣ ಅಂದ್ರೆ ಆಗಲ್ಲ, ಕೋಟೆಯ ಮೊದಲ ಯುದ್ಧ ಗೆದ್ದಾಗ ಸೇವ್ ಮಾಡ್ತೀಯಾ ಅಂತ ಕೇಳ್ತು, ಒಳ್ಳೇ ಹುಡುಗನ ಥರ ಹೂಂ ಅಂದಿದ್ದೆ, ಅದೂ ನಾನು ಬಳಸ್ತಾ ಇದ್ದ ಒಂದೇ ಸ್ಲಾಟಲ್ಲಿ. ಅಲ್ಲಿಂದ ಹಿಂದಕ್ಕೆ ದಾರಿ ಇಲ್ಲ. ಹೆಚ್ಚೂಕಮ್ಮಿ 30 ಗಂಟೆ, ಕೆಂಪಿ ಕೌಲಿ ಬೋರ ಕರಿಯ ಎಲ್ಲರೂ ಬದುಕೇ ಇದಾರೆ, ಒಬ್ಬರೂ ಸತ್ತಿಲ್ಲ, ಎಲ್ಲರೂ ಆ ಬಾಗಿಲಾಚೆ ಶಾಶ್ವತವಾಗಿ ನಿಂತಿದಾರೆ. ಆಟ ಮಾಡೋನಿಗೆ ಸ್ವಲ್ಪನಾದ್ರೂ ಮರ್ಯಾದೆ ಬೇಡ್ವಾ, ಮುಂದೆ ಹಳ್ಳ ಇದೆ ಅಂತ ಒಂದು ಬೋರ್ಡಾದ್ರೂ ಹಾಕಬಾರದಾ?

ಮೊದಲಿಂದ ಶುರು ಮಾಡಿದೀನಿ. ಈ ಸಲ ಹೆಸರು ಇಡಬಾರದು ಅಂತ ಆಟ ಕೊಟ್ಟಿರೋ ಹೆಸರೇ ಬಿಟ್ಟೆ, ನಾಲ್ಕನೇ ಯುದ್ಧಕ್ಕೇ ಅವೂ ಬಾಯಿಗೆ ಬಂದ್ವು, ಅವರಿಗೂ ಆಟ ಆಫ್ ಮಾಡಿ ಓಡೋದೇ ಆಯ್ತು. ಈಗ ಮತ್ತೆ ಅದೇ ಕೋಟೆ ಮುಂದೆ ಬಂದು ನಿಂತಿದೀನಿ, ಮೂರು ಸ್ಲಾಟಲ್ಲಿ ಸೇವ್. ರಾಮ್ಜಾಗೆ ಏಟು ಬಿದ್ದ ತಕ್ಷಣ ತಾನೇ ಮದ್ದು ಕುಡಿಯೋ ವಿದ್ಯೆ ಕಲಿಸಿದೀನಿ, ಅದರಲ್ಲೂ ಒಂದು ಗುಟ್ಟು ಇದೆ, ಅವನು ಮೊದಲು ಅಗ್ಗದ ಮದ್ದೇ ಕುಡೀತಾನೆ, ಹಾಗಾಗಿ ಅಗ್ಗದ್ದೆಲ್ಲಾ ಮಾರಿ ದುಬಾರಿದಷ್ಟೇ ಚೀಲದಲ್ಲಿ ಇಟ್ಟಿದೀನಿ. ತನ್ನ ವೇಗ ತಾನೇ ಹೆಚ್ಚಿಸ್ಕೊಳ್ಳೋ ವಿದ್ಯೇನೂ ಇದೆ. ಇನ್ನೇನು ಒಳಗೆ ಹೋಗೋದೊಂದೇ ಬಾಕಿ. ಎರಡು ವಾರ ಆಯ್ತು.

ಮೊನ್ನೆ ಊರಿಗೆ ಹೋದಾಗ ಮಳೆ ಬಿಟ್ಟಿತ್ತು, ಕರೆಂಟೂ ಇತ್ತು. ತಾತ ಕುರಿಗಳನ್ನೆಲ್ಲಾ ಕಟ್ಟಿ ಹುಲೀನ ಸುತ್ತುಹಾಕಿ ಎದ್ದು, ಎಲೆಅಡಿಕೆ ಉಗಿಯೋಕೆ ಹೋಗೋ ದಾರೀಲಿ ನನ್ನ ಹೆಗಲ ಮೇಲಿಂದ ಬಗ್ಗಿ ಫೋನ್ ನೋಡ್ತು. ಮೂಲೇಲಿ ಒಂದು ಗಾಬ್ಲಿನ್, ಸುತ್ತ ನಮ್ಮೋರು.

"ಇನ್ನೂ ಕಲ್ಲು ಹೊಡೀತಾನೇ ಇದೀಯೇನ್ಲಾ?"

"ಇನ್ನೊಂದು ಸ್ವಲ್ಪ ಇದೆ ತಾತ" ಅಂದೆ.