ಕೊಲೆಗಾರನನ್ನು ಹಿಡಿಯಲು ಉಪ್ಪುಸೊಳೆ ಸಾಕು

ಪತ್ತೇದಾರ ಚೆನ್ನಾಗಿ ಉಣ್ಣುವುದು ಬೇರೆ, ಊಟದಿಂದಲೇ ಪತ್ತೆಯಾಗುವುದು ಬೇರೆ. ಟೀವಿಯ ಅಡುಗೆ-ಪತ್ತೇದಾರಿ ಧಾರಾವಾಹಿಗಳಲ್ಲಿ ಹೆಚ್ಚಿನವು ಮೊದಲನೆಯ ಜಾತಿಗೆ ಸೇರಿದವು. ಇಟಲಿಯ ಧಾರಾವಾಹಿಯ ಪತ್ತೇದಾರ ಮೊಂತಾಲ್ಬಾನೊ ಸಮುದ್ರದ ಬದಿಯಲ್ಲಿ ಕೂತು ಮೀನು ತಿನ್ನುವಾಗ ಎದುರಿನವರು ತುಟಿ ಬಿಚ್ಚುವಂತಿಲ್ಲ. ನೋಡಲು ಚಂದವೇ. ಆದರೆ ಆ ಮೀನಿನ ಜಾಗದಲ್ಲಿ ಉಪ್ಪಿಟ್ಟು ಇಟ್ಟರೂ ಕೇಸು ಹಾಗೆಯೇ ಬಗೆಹರಿಯುತ್ತದೆ. 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಕಿಲ್ಲರ್ ಸೂಪ್' ನಮಗೆ ಇನ್ನೂ ಹತ್ತಿರದ್ದು: ಹೋಟೆಲು ತೆರೆಯಬೇಕೆಂದು ಹಟ ಹಿಡಿದ ಸ್ವಾತಿ ಶೆಟ್ಟಿ, ಎಷ್ಟು ಸಲ ಮಾಡಿದರೂ ಬಾಯಿಗಿಡಲಾಗದ ಅವಳ ಪಾಯಾ ಸೂಪು. ಕೊಂಕಣಾ ಸೇನ್ ಶರ್ಮಾ ಅದ್ಭುತವಾಗಿ ಮಾಡಿದ್ದಾರೆ. ಅಲ್ಲಿಯೂ ಸೂಪು ಇರುವುದು ಅವಳ ಆಸೆಯಲ್ಲಿ, ಸಾಕ್ಷಿಯ ಕಟಕಟೆಯಲ್ಲಿ ಅಲ್ಲ.

ಸಾಕ್ಷಿಯಾದ ಉದಾಹರಣೆ ಬೇಕಿದ್ದರೆ ಅಮೆರಿಕದ ಪತ್ತೇದಾರಿ ಧಾರಾವಾಹಿ 'ಕೊಲಂಬೋ'ದ 1973ರ ಕಂತೊಂದನ್ನು ನೋಡಿ. (ಐವತ್ತು ವರ್ಷ ದಾಟಿದೆ, ಕತೆ ಬಿಟ್ಟುಕೊಟ್ಟರೆ ಯಾರೂ ಬೈಯಬಾರದು.) ದ್ರಾಕ್ಷಾರಸದ ಹುಚ್ಚಿನ ಅಣ್ಣ ತಮ್ಮನನ್ನು ಬಾಟಲಿಗಳ ನೆಲಮಾಳಿಗೆಯಲ್ಲಿ ಕಟ್ಟಿಹಾಕಿ, ಉಸಿರುಕಟ್ಟಿ ಸಾಯಲೆಂದು ಏಸಿ ಬಂದ್ ಮಾಡಿ ಊರು ಬಿಡುತ್ತಾನೆ. ಆ ವಾರ ಒಂದು ದಿನ ವಿಪರೀತ ಬಿಸಿಲು. ಪತ್ತೇದಾರ ಕೊಲಂಬೋ ಅದೇ ಮಾಳಿಗೆಯಿಂದ ಒಂದು ಬಾಟಲಿ ಎತ್ತಿ, ಹೋಟೆಲಿನಲ್ಲಿ ಅವನಿಗೇ ಬಡಿಸುವಂತೆ ಮಾಡುತ್ತಾನೆ. ಒಂದು ಗುಟುಕಿಗೇ ಅವನು 'ಇದು ಕಾವಿಗೆ ಕೆಟ್ಟಿದೆ' ಎಂದು ರೇಗುತ್ತಾನೆ. ಅಲ್ಲಿಗೆ ಮುಗಿಯಿತು. ಅವನ ನಾಲಗೆಯೇ ಅವನನ್ನು ಹಿಡಿದುಕೊಟ್ಟಿತು. ವಿಷ ಹಾಕಿದ ಪಾಯಸದಂಥ ಸವಕಲು ಉಪಾಯಕ್ಕೂ ಇದಕ್ಕೂ ಎಷ್ಟು ಅಂತರ!

ಇವೆರಡರ ನಡುವೆ ನಿಲ್ಲುವುದು ಬಿಬಿಸಿಯ 'ಪೈ ಇನ್ ದ ಸ್ಕೈ' (1994–1997). ರಿಚರ್ಡ್ ಗ್ರಿಫಿತ್ಸ್ ಮಾಡಿದ ಇನ್‌ಸ್ಪೆಕ್ಟರ್ ಹೆನ್ರಿ ಕ್ರ್ಯಾಬ್‌ಗೆ ಪೊಲೀಸ್ ಕೆಲಸ ಬಿಟ್ಟು ತನ್ನ ಪುಟ್ಟ ಹೋಟೆಲಿನಲ್ಲಿ ಮಾಂಸದ ಪೈ ಬೇಯಿಸಿಕೊಂಡಿರುವ ಆಸೆ. ಹೋಟೆಲಿನ ಹೆಸರೇ ಧಾರಾವಾಹಿಯ ಹೆಸರು. ಸತ್ತ ಮೇಲೆ ಸ್ವರ್ಗದಲ್ಲಿ ಊಟ ಸಿಗುತ್ತದೆ ಎಂದು ಹಸಿದ ಕೂಲಿಕಾರರಿಗೆ ಉಪದೇಶ ಮಾಡುವವರನ್ನು ಗೇಲಿಮಾಡಿ ಜೋ ಹಿಲ್ ಕಟ್ಟಿದ, 1911ರಲ್ಲಿ ಅಚ್ಚಾದ ಕಾರ್ಮಿಕರ ಹಾಡಿನಿಂದ ಬಂದ ಮಾತು ಅದು. ನಮ್ಮಲ್ಲಿ ಆ ಕೆಲಸಕ್ಕೆ ಮೂಗಿಗೆ ಸವರುವ ತುಪ್ಪ ಉಂಟು. ಕ್ರ್ಯಾಬ್‌ನ ಮೇಲಧಿಕಾರಿ ಫಿಶರ್ ಸವರುವುದೂ ಅದನ್ನೇ: ನಿವೃತ್ತಿ ಇನ್ನೇನು ಬಂತು, ಇದೊಂದು ಕೇಸು ಮುಗಿಸಿಬಿಡು.

ಆ ಧಾರಾವಾಹಿಯಲ್ಲಿ ನನ್ನ ಮಟ್ಟಿಗೆ ಎಲ್ಲರಿಗಿಂತ ಒಳ್ಳೆಯ ಪಾತ್ರ ಕ್ರ್ಯಾಬ್ ಅಲ್ಲ, ಹೆಂಡತಿ ಮಾರ್ಗರೆಟ್. ಅವಳು ಅಕೌಂಟೆಂಟ್, ಊಟದ ರುಚಿಯ ಗೊಡವೆ ಇಲ್ಲದವಳು. ಗಂಡ ದುಬಾರಿ ಸಾಮಾನು ತಂದಾಗಲೆಲ್ಲ ಲೆಕ್ಕದ ಪುಸ್ತಕ ತೆರೆಯುತ್ತಾಳೆ. ಹೋಟೆಲು ನಡೆಸಿದವರಿಗೆ ಗೊತ್ತು, ತಟ್ಟೆಯ ಬೆಲೆಯಲ್ಲಿ ಸಾಮಾನಿನ ಖರ್ಚು ಮೂರರಲ್ಲೊಂದು ಪಾಲು ದಾಟಿತೆಂದರೆ ಬಾಡಿಗೆ, ಸಂಬಳ, ಗ್ಯಾಸು ಎಲ್ಲ ಕೈಯಿಂದಲೇ. ಇದನ್ನು ಕತೆಯೊಳಗೆ ತಂದದ್ದರಿಂದಲೇ ಆ ಹೋಟೆಲು ಸೆಟ್ಟಿನಂತೆ ಕಾಣುವುದಿಲ್ಲ.

ಈಗ ನನ್ನ ವಾದ. ಅಡುಗೆಮನೆಯಲ್ಲಿ ಪತ್ತೇದಾರನಿಗೆ ಸಿಗುವ ದೊಡ್ಡ ಸಾಕ್ಷಿ ವಿಷವಲ್ಲ, ಹೊತ್ತು. ಸೆಕೆಯ ದಿನ ಬೆಣ್ಣೆಯಲ್ಲಿ ಸೊಪ್ಪಿನ ಎಸಳು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದರಿಂದ ಒಂದು ಪ್ರಕರಣ ತನ್ನ ಗಮನಕ್ಕೆ ಬಂತೆಂದು ಷರ್ಲಾಕ್ ಹೋಮ್ಸ್ ಒಂದು ಕತೆಯಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆ ಒಂದು ವಾಕ್ಯವನ್ನು ನಮ್ಮ ಕಾಸರಗೋಡಿನ ಅಡುಗೆಮನೆಗೆ ತಂದರೆ ಹತ್ತು ಕಂತು ಬರೆಯಬಹುದು.

ಉಪ್ಪುಸೊಳೆಯನ್ನೇ ತೆಗೆದುಕೊಳ್ಳಿ, ತುಳುವಿನ ಉಪ್ಪಡ್ ಪಚ್ಚಿರ್. ಬೇಸಗೆಯಲ್ಲಿ ಬೆಳೆದ ಹಲಸಿನಕಾಯಿಯ ಸೊಳೆ ಬಿಡಿಸಿ, ಭರಣಿಯಲ್ಲಿ ಕಲ್ಲುಪ್ಪಿನ ಜೊತೆ ಒತ್ತಿ ತುಂಬಿ, ಮೇಲೆ ಭಾರ ಹೇರಿ ಮಳೆಗಾಲಕ್ಕೆ ಇಟ್ಟದ್ದು. ಬೇಕಾದಾಗ ಹೊರತೆಗೆದು ಹಾಗೆಯೇ ಬಾಣಲೆಗೆ ಹಾಕಲು ಬರುವುದಿಲ್ಲ. ನೀರಲ್ಲಿ ನೆನೆಹಾಕಿ, ಹಿಂಡಿ, ನೀರು ಬದಲಿಸಿ, ಮತ್ತೆ ನೆನೆಹಾಕಿ, ಮೂರು ನಾಲ್ಕು ನೀರು ಹೋದ ಮೇಲೆ ಉಪ್ಪು ಬಾಯಿಗೆ ಹಿಡಿಸುವಷ್ಟಾಗುತ್ತದೆ. ಸಾಧಾರಣವಾಗಿ ಹಿಂದಿನ ರಾತ್ರಿಯೇ ನೀರಿಗೆ ಬೀಳಬೇಕು. ಆ ಸೊಳೆ ಅರೆದು, ಉಂಡೆ ಕಟ್ಟಿ ಕರಿದದ್ದೇ ಉಂಡ್ಲಕಾಳು. ಹಾಗಿದ್ದ ಮೇಲೆ 'ನೆಂಟರು ಮೂರು ಗಂಟೆಗೆ ಹೇಳದೆ ಕೇಳದೆ ಬಂದರು, ನಾಲ್ಕಕ್ಕೆ ಉಂಡ್ಲಕಾಳು ಕರಿದುಕೊಟ್ಟೆ' ಎಂದು ಯಾರಾದರೂ ಹೇಳಿಕೆ ಕೊಟ್ಟರೆ ಅದು ಸುಳ್ಳು. ನೆಂಟರು ಬರುವುದು ಮನೆಯವರಿಗೆ ನಿನ್ನೆಯೇ ಗೊತ್ತಿತ್ತು. ಕುದಿಸಿ ಬಸಿದು ಉಪ್ಪು ಬೇಗ ತೆಗೆದಿರಬಹುದಲ್ಲ ಎಂದು ಆರೋಪಿಯ ವಕೀಲರು ಕೇಳುತ್ತಾರೆ. ಕೇಳಲಿ. ಕುದಿಸಿದ ಸೊಳೆ ನೀರು ಕುಡಿದು ಮೆತ್ತಗಾಗುತ್ತದೆ, ಅರೆದರೆ ಹಿಟ್ಟು ಸಡಿಲ, ಉಂಡೆ ನಿಲ್ಲುವುದಿಲ್ಲ, ಎಣ್ಣೆ ಹೀರುತ್ತದೆ. ತಟ್ಟೆಯಲ್ಲಿ ಉಳಿದ ಉಂಡ್ಲಕಾಳು ಗರಿಗರಿಯಾಗಿದ್ದರೆ ವಾದ ಬಿತ್ತು.

ಪತ್ರೊಡೆಯೂ ಹಾಗೆಯೇ. ಅಕ್ಕಿ 3–4 ಗಂಟೆ ನೆನೆಯಬೇಕು, ಮಸಾಲೆ ಅರೆದು ಕೆಸುವಿನೆಲೆಗೆ ಹಚ್ಚಿ ಸುತ್ತಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿ ಬೇಯಬೇಕು. ಆತುರಪಟ್ಟರೂ ಹುಳಿ ಕಡಿಮೆ ಮಾಡಿದರೂ ಗಂಟಲು ತುರಿಸುತ್ತದೆ, ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಸುಮ್ಮನಿರುವುದಿಲ್ಲ. ಇನ್ನು, ಬೆಳಗ್ಗೆ ತಿಂಡಿಗೆ ಪತ್ರೊಡೆಯನ್ನು ಪುಡಿಮಾಡಿ ಬೆಲ್ಲ, ಕಾಯಿತುರಿ ಹಾಕಿ ಒಗ್ಗರಿಸಿದ್ದು ಕಂಡರೆ ಬೇಯಿಸಿದ್ದು ನಿನ್ನೆ ಎಂದೇ ಲೆಕ್ಕ. ಬಿಸಿಯಾದ ಪತ್ರೊಡೆಯನ್ನು ಪುಡಿಮಾಡಲು ಹೋದರೆ ಅಂಟಿಕೊಂಡು ಮುದ್ದೆಯಾಗುತ್ತದೆ, ತಣಿದು ಗಟ್ಟಿಯಾದ ಮೇಲಷ್ಟೇ ಉದುರುವುದು.

ಉದ್ದಿನ ದೋಸೆಹಿಟ್ಟು ಮೇ ತಿಂಗಳಲ್ಲಿ 8 ಗಂಟೆಯಲ್ಲಿ ಉಬ್ಬಿದರೆ ಜುಲೈಯಲ್ಲಿ 12 ಆದರೂ ಮಲಗಿಯೇ ಇರುತ್ತದೆ. ಹುಳಿ ಹೆಚ್ಚಾದ ಹಿಟ್ಟು ಏರಿ ಮತ್ತೆ ಇಳಿಯುತ್ತದೆ, ಪಾತ್ರೆಯ ಒಳಬದಿಯಲ್ಲಿ ಒಣಗಿದ ಗೆರೆ ಬಿಡುತ್ತದೆ. ಆ ಗೆರೆಗೂ ಈಗಿನ ಹಿಟ್ಟಿಗೂ ನಡುವಿನ ಅಂತರ ನೋಡಿದರೆ ಮನೆಯವರು ಸಮಯಕ್ಕೆ ಎದ್ದು ದೋಸೆ ಹೊಯ್ದಿಲ್ಲ ಎಂಬುದು ಗೊತ್ತಾಗುತ್ತದೆ. 'ರಾತ್ರಿ ಒಂಬತ್ತಕ್ಕೆ ಗ್ರೈಂಡರಿಗೆ ಹಾಕಿದೆ' ಎಂದವರ ಮಾತನ್ನು ಪರೀಕ್ಷಿಸಲು ಇನ್ನೂ ಸುಲಭದ ದಾರಿ ಉಂಟು: ಕೇರಳದ ವಿದ್ಯುತ್ ಮಂಡಳಿ ಕೆಎಸ್ಇಬಿಯವರಿಗೆ ಫೋನು ಮಾಡಿ ಆಗ ಕರೆಂಟು ಇತ್ತೇ ಎಂದು ಕೇಳುವುದು. ಮಳೆಗಾಲದಲ್ಲಿ ನಮ್ಮ ಕಡೆ ಈ ಪ್ರಶ್ನೆಯೊಂದೇ ಅರ್ಧ ಹೇಳಿಕೆಗಳನ್ನು ಕೆಡವೀತು.

ಗಡಿನಾಡಿನಲ್ಲಿ ಮಾತ್ರ ನಡೆಯಬಹುದಾದ ಒಂದು ಎಡವಟ್ಟೂ ಇದೆ. ಮನೆಯಾಕೆ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ, ಠಾಣೆಯಲ್ಲಿ ಬರೆದುಕೊಳ್ಳುವುದು ಮಲೆಯಾಳದಲ್ಲಿ. ಆಕೆ ಹೇಳಿದ್ದು ಕೊದಿಲು, ಕಾಗದಕ್ಕೆ ಇಳಿದದ್ದು ಬರೀ 'ಕರಿ', ಅಂದರೆ ಅನ್ನಕ್ಕೆ ಕಲಸುವ ಯಾವ ಪದಾರ್ಥವೂ ಆಗಬಹುದು. ಕೊದಿಲಿಗೆ ತೆಂಗಿನಕಾಯಿ ಅರೆದು ಹಾಕಿರುತ್ತದೆ. ಮಧ್ಯಾಹ್ನದ್ದನ್ನು ಸಂಜೆ ಮತ್ತೆ ಕುದಿಸಿಡದಿದ್ದರೆ ಮರುದಿನಕ್ಕೆ ನೊರೆ ಬಂದು ಹಳಸುತ್ತದೆ. ಹುಳಿ, ಬೆಲ್ಲ ಹಾಕಿ ಬತ್ತಿಸಿದ ಮೆಣಸ್ಕಾಯಿ ಅಷ್ಟು ಬೇಗ ಕೆಡುವುದಿಲ್ಲ. ಕೊದಿಲು ಹಳಸಿಲ್ಲ ಎಂದರೆ ಸಂಜೆ ಒಲೆ ಹೊತ್ತಿಸಲು ಮನೆಯಲ್ಲಿ ಯಾರೋ ಇದ್ದರು. 'ಕರಿ' ಎಂದು ಬರೆದ ಕೂಡಲೇ ಆ ಯಾರೋ ಕಾಗದದಿಂದ ಮಾಯ. ಇದನ್ನು ಹಿಡಿಯುವ ಪತ್ತೇದಾರಿಣಿ ಬದಿಯಡ್ಕದ ಕಡೆಯ, ಜೆಂಬರಗಳ, ಅಂದರೆ ಸಮಾರಂಭಗಳ, ಅಡುಗೆಯಲ್ಲಿ ಪಳಗಿದ ಹಿರಿಯಕ್ಕ ಆಗಿರಬೇಕು, ತಿರುವನಂತಪುರದಿಂದ ವರ್ಗವಾಗಿ ಬಂದ ಎಸ್‌ಐ ಅಲ್ಲ.

ಇಂಥದ್ದನ್ನು ಯಾವುದಾದರೂ ಕನ್ನಡ ಚಾನೆಲ್ ಮಾಡೀತೇ? ಅದು ಮೂಗಿನ ತುಪ್ಪವೇ, ಸುಮ್ಮನೆ ಆಸೆ ಇಟ್ಟುಕೊಳ್ಳುವುದು ಬೇಡ. ಜಾಹೀರಾತಿನವರ ಕಣ್ಣು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮೇಲೆ. ಕೇರಳದೊಳಗಿರುವ ನಮ್ಮ ಮನೆಗಳು ಅವರ ಲೆಕ್ಕದ ಅಂಚಿಗೂ ಬರುವುದಿಲ್ಲ. ದಿನಕ್ಕೊಂದು ಕಂತು ಒಪ್ಪಿಸುವ ತಂಡಕ್ಕೆ ಸೊಳೆ ನೆನೆಯುವವರೆಗೆ ಕಾಯುವ ಪುರುಸೊತ್ತೂ ಇಲ್ಲ. ಆದರೆ ಒಂದು ಅಡುಗೆಮನೆ, ನಾಲ್ಕು ಪಾತ್ರ, 20 ನಿಮಿಷದ ಕಿರುಚಿತ್ರ ಈಗಿನ ಫೋನಿನಲ್ಲಿ ಆಗದ ಕೆಲಸವಲ್ಲ. ಮಾಡುವವರಿಗೆ ಕೆಲವು ಮಾತು.

ಅಡುಗೆ ಗೊತ್ತಿರುವ ಒಬ್ಬರನ್ನು ಚಿತ್ರಕತೆ ಬರೆಯುವಾಗಲೇ ಕೂರಿಸಿಕೊಳ್ಳಿ, ಶೂಟಿಂಗ್ ದಿನ ಅಲ್ಲ. ಒಂದೇ ಬಗೆಯ ತಟ್ಟೆ ಮೂರಾದರೂ ಸಿದ್ಧವಿರಲಿ. ಎರಡನೇ ಟೇಕಿಗೆ ಹಬೆ ಇರುವುದಿಲ್ಲ, ಪಾಯಸಕ್ಕೆ ಕೆನೆ ಕಟ್ಟಿರುತ್ತದೆ. ಸಾಸಿವೆ ಸಿಡಿಯದ ಒಗ್ಗರಣೆ ತೋರಿಸಿದಿರೋ, ಊರಿನ ಅಜ್ಜಿಯಂದಿರು ಅಲ್ಲಿಗೇ ಫೋನು ಕೆಳಗಿಡುತ್ತಾರೆ. ಸುಳಿವು ಮೊದಲ ಐದು ನಿಮಿಷದಲ್ಲೇ ಕಣ್ಣಿಗೆ ಬಿದ್ದಿರಬೇಕು: ಜಗಲಿಯಲ್ಲಿ ಜಗಳ ನಡೆಯುವಾಗ ಹಿಂದೆ ಯಾರೋ ಪಾತ್ರೆಯ ನೀರು ಚೆಲ್ಲಿ ಹೊಸ ನೀರು ಹೊಯ್ಯುತ್ತಿರಲಿ, ಅಷ್ಟೇ ಸಾಕು. ಆ ಪಾತ್ರೆಯ ಮೇಲೆ ಕ್ಯಾಮರಾ ನಿಲ್ಲಬಾರದು, ಮತ್ತು ದಯವಿಟ್ಟು, ಅದರತ್ತ ಮೂರು ಸಲ ಝೂಮ್ ಮಾಡಿ ಗುಡುಗಿನ ಸದ್ದು ಹಾಕಬೇಡಿ.